ಕೊಡೆ ಕೇಳಿದರೆ ಕೊಡ ಬಂತು: ಬರವಣಿಗೆ ಕಲಿಸುವ ಮನೆಯಾಟಗಳು

ಕಳೆದ ಮಳೆಗಾಲದ ಒಂದು ಭಾನುವಾರ. ಎರಡನೇ ಕ್ಲಾಸಿನ ಮಗಳು ಅಜ್ಜನಿಗೊಂದು ಚೀಟಿ ಬರೆದುಕೊಟ್ಟಳು: ‘ಅಜ್ಜ, ಕೊಡ ಹಿಡಿದು ಬಾಗಿಲ ಹತ್ತಿರ ನಿಲ್ಲು.’ ನಮ್ಮಪ್ಪ ಕನ್ನಡಕ ಏರಿಸಿ ಓದಿದರು. ಸೀದಾ ಬಚ್ಚಲುಮನೆಗೆ ಹೋಗಿ ತಾಮ್ರದ ಕೊಡ ಎತ್ತಿಕೊಂಡು ಬಂದು ಬಾಗಿಲಲ್ಲಿ ನಿಂತರು.

‘ಅಯ್ಯೋ ಅಜ್ಜಾ, ಕೊಡ ಅಲ್ಲ, ಕೊಡೆ!’

‘ಇಲ್ಲಿ ಕೊಡ ಅಂತಲೇ ಇದೆಯಲ್ಲ ಪುಟ್ಟಿ?’

ಚೀಟಿ ಕಿತ್ತುಕೊಂಡು ‘ಡ’ಗೆ ಎತ್ವ ಹಚ್ಚಿ ಮತ್ತೆ ಕೊಟ್ಟಳು. ಅದೇ ಎತ್ವಕ್ಕೆ ನಾನು ಎರಡು ತಿಂಗಳು ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದೆ, ಹತ್ತು ಹತ್ತು ಸಲ ಬರೆಸಿದ್ದೆ. ಏನೂ ಆಗಿರಲಿಲ್ಲ. ಬರೆದದ್ದನ್ನು ಯಾರೋ ಓದಿ ಅದರಂತೆ ನಡೆದುಕೊಂಡಾಗ ತಪ್ಪು ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಅಂದಿನಿಂದ ನಮ್ಮಲ್ಲಿ ಬರವಣಿಗೆ ಎಂದರೆ ಆಟ. ದಿನಕ್ಕೆ ಹದಿನೈದು ನಿಮಿಷ ಸಾಕು. ಸಾಮಾನು ಎಲ್ಲ ಮನೆಯಲ್ಲೇ ಸಿಗುತ್ತದೆ: ಸ್ಟೀಲ್ ತಟ್ಟೆ, ಒಂದು ಹಿಡಿ ರವೆ, ಸೀಮೆಸುಣ್ಣ, ನಾಲ್ಕು ಕವಡೆ, ಹಳೆ ಕ್ಯಾಲೆಂಡರಿನ ಹಾಳೆ.

ಮೊದಲು ಬೆರಳು, ಆಮೇಲೆ ಪೆನ್ಸಿಲ್

ತಟ್ಟೆಯಲ್ಲಿ ರವೆ ತೆಳುವಾಗಿ ಹರಡಿ. ಬೆರಳಾಡಿಸಿದ ಕಡೆ ಸ್ಟೀಲು ಹೊಳೆಯುತ್ತದೆ, ತಪ್ಪಾದರೆ ತಟ್ಟೆ ಅಲ್ಲಾಡಿಸಿದರಾಯಿತು. ಹಿಂದಿನವರು ಮರಳಿನ ಮೇಲೆ ತಿದ್ದಿಸುತ್ತಿದ್ದದ್ದೂ ಹೀಗೇ. ಒಬ್ಬರ ಬೆನ್ನ ಮೇಲೆ ಇನ್ನೊಬ್ಬರು ಅಕ್ಷರ ಬರೆದು ‘ಯಾವುದು ಹೇಳು’ ಎನ್ನುವ ಆಟವೂ ಈ ಹಂತಕ್ಕೆ ಚೆನ್ನ.

ಅಕ್ಷರಗಳನ್ನು ಅ, ಆ, ಇ, ಈ ಎಂಬ ಸಾಲಿನಲ್ಲೇ ಕಲಿಸಬೇಕೆಂದಿಲ್ಲ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾಗಿ ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ‘ನಲಿ-ಕಲಿ’ಯಲ್ಲಿ ಮಕ್ಕಳ ಕೈಗೆ ಮೊದಲು ಸಿಗುವುದು ರ, ಗ, ಸ, ದ, ಅ. ಈ ಐದನ್ನು ಐದು ಚೀಟಿಗಳ ಮೇಲೆ ಬರೆದು ಎರಡೆರಡು ಪ್ರತಿ ಮಾಡಿ ಮಗುವಿನ ಮುಂದೆ ಸುರಿಯಿರಿ. ಸರ, ರಸ, ಅರಸ, ಅಗಸ, ಗರಗಸ, ಸರಸರ, ದರದರ! ವಾರದೊಳಗೆ ಮಗು ಪದ ಕಟ್ಟುತ್ತದೆ. ಇಡೀ ವರ್ಣಮಾಲೆ ಮುಗಿಯುವವರೆಗೆ ಕಾಯಬೇಕಾಗಿಲ್ಲ.

ಚೌಕಾಬಾರದ ಮನೆಗಳಲ್ಲಿ ವರ್ಣಮಾಲೆ

ಚೌಕಾಬಾರಕ್ಕೆ ಐದೈದಲಿ ಇಪ್ಪತ್ತೈದು ಮನೆ. ವರ್ಗೀಯ ವ್ಯಂಜನಗಳೂ ಐದೈದಲಿ ಇಪ್ಪತ್ತೈದು. ನೆಲದ ಮೇಲೆ ಮನೆ ಬರೆದು ಮೇಲಿನ ಸಾಲಿಗೆ ಕ ಖ ಗ ಘ ಙ, ಅದರ ಕೆಳಗೆ ಚವರ್ಗ, ಹೀಗೆ ಪವರ್ಗದವರೆಗೆ ತುಂಬಿ. ಕಟ್ಟೆಮನೆಗಳಿಗೆ ಗ, ಟ, ಣ, ಬ ಬರುತ್ತವೆ, ನಡುಮನೆಗೆ ಡ. ಕಾಯಿ ನಡೆಸುವ ದಾರಿ, ಕಡಿಯುವ ನಿಯಮ ನಿಮ್ಮ ಮನೆಯಲ್ಲಿ ಇದ್ದಂತೆಯೇ ಇರಲಿ. ಸೇರಿಸಬೇಕಾದದ್ದು ಇಷ್ಟೆ:

1. ಕಾಯಿ ನಿಂತ ಮನೆಯ ಅಕ್ಷರ ಇರುವ ಒಂದು ಪದ ಬರೆಯಬೇಕು. ಕಾಗುಣಿತವಾಗಿ ಬಂದರೂ ಸರಿ, ಒತ್ತಾಗಿ ಬಂದರೂ ಸರಿ.

2. ಗರ ಎಷ್ಟು ಬಿತ್ತೋ ಪದಕ್ಕೆ ಅಷ್ಟೇ ಅಕ್ಷರ. ಮೂರು ಬಿದ್ದು ‘ಬ’ಗೆ ಬಂದರೆ ಬಾಗಿಲು. ಚೌಕ, ಅಂದರೆ ನಾಲ್ಕು ಬಿದ್ದು ‘ಗ’ಗೆ ಬಂದರೆ ಗಡಿಯಾರ. ಒಂದು ಬಿದ್ದು ‘ಟ’ಗೆ ಬಂದವರಿಗೆ ‘ಟೀ’ ಹೊಳೆದರೆ ಪುಣ್ಯ. ಬಾರಾ, ಅಂದರೆ ಎಂಟು ಬಿದ್ದರೆ ಪೂರ್ತಿ ಒಂದು ವಾಕ್ಯ.

3. ಬರೆಯಲಾಗದಿದ್ದರೆ ಕಾಯಿ ಹಿಂದಿನ ಮನೆಗೆ. ಎದುರಾಳಿಯ ಕಾಯಿ ಕಡಿಯಬೇಕಾದರೆ ಅವರು ಈಗಾಗಲೇ ಬರೆದಿರದ ಪದವೇ ಬೇಕು.

4. ಙ, ಞ ಮನೆಗೆ ಬಂದವರು ಬರೆಯಲೇಬೇಕೆಂದಿಲ್ಲ, ಕೂತು ಸುಧಾರಿಸಿಕೊಳ್ಳಲಿ. ‘ವಾಙ್ಮಯ’ ಎಂದು ಬರೆದ ಮಗುವಿಗೆ ಇನ್ನೊಂದು ಗರ ಕೊಟ್ಟುಬಿಡಿ.

ಎರಡನೇ ನಿಯಮದಲ್ಲಿ ಜಗಳ ಗ್ಯಾರಂಟಿ, ಆ ಜಗಳ ಆಗಲೇಬೇಕು. ‘ಅಮ್ಮ’ದಲ್ಲಿ ಎರಡಕ್ಷರವೋ ಮೂರೋ? ಒತ್ತು ಎಷ್ಟೇ ಇದ್ದರೂ ಒಂದೇ ಅಕ್ಷರ ಎಂಬುದು ಲೆಕ್ಕಕ್ಕೆ ಕೂತಾಗ ಮಾತ್ರ ಮಕ್ಕಳ ತಲೆಗೆ ಹತ್ತುತ್ತದೆ. ಇನ್ನೊಂದು ಸೋಜಿಗ ಆಡುವಾಗಲೇ ನನಗೆ ಕಂಡದ್ದು: ಒಳಸುತ್ತಿನ ಎಂಟು ಮನೆಗಳಲ್ಲಿ ಆರು ಮಹಾಪ್ರಾಣಗಳೇ. ಛ, ಝ, ಠ, ಢ, ಥ, ಧ. ಹಣ್ಣಾಗಲು ಹೊರಟ ಕಾಯಿಗೆ ಕಷ್ಟ ತಾನಾಗಿಯೇ ಹೆಚ್ಚುತ್ತದೆ! ಹಾಗಾಗಿ ಒಳಗೆ ಬಂದ ಮೇಲೆ ಅಕ್ಷರದ ಲೆಕ್ಕ ಬಿಡಿ. ಛತ್ರಿ, ಝರಿ, ಪಾಠ, ಆಷಾಢ, ರಥ, ಧೂಳು, ಯಾವುದಾದರೂ ನಡೆಯುತ್ತದೆ.

ಒತ್ತಕ್ಷರಕ್ಕೆ ನೆಂಟರ ಪಟ್ಟಿ

ಅಮ್ಮ, ಅಪ್ಪ, ಅಕ್ಕ, ಅಣ್ಣ, ತಮ್ಮ, ಅಜ್ಜ, ಅಜ್ಜಿ, ಅತ್ತೆ, ಚಿಕ್ಕಪ್ಪ, ದೊಡ್ಡಮ್ಮ. ಕನ್ನಡದ ನೆಂಟರಲ್ಲಿ ಹೆಚ್ಚಿನವರು ತಮ್ಮದೇ ಒತ್ತನ್ನು ಹೊತ್ತುಕೊಂಡೇ ಬರುತ್ತಾರೆ. ಊಟಕ್ಕೆ ಕೂರುವಾಗ ಪ್ರತಿ ತಟ್ಟೆಯ ಪಕ್ಕ ಹೆಸರಿನ ಚೀಟಿ ಇಡುವ ಕೆಲಸ ಮಗುವಿಗೆ ವಹಿಸಿ. ಚೀಟಿಯಲ್ಲಿ ಒತ್ತು ತಪ್ಪಿದರೆ ಆ ನೆಂಟರು ‘ಇದು ನಾನಲ್ಲ’ ಎಂದು ನಿಂತೇ ಇರಬೇಕು. ಒತ್ತಾದಾಗ ರೂಪವೇ ಬದಲಾಗುವ ತ, ನ, ಮ, ಯ, ರ, ಲ ಆರನ್ನು ಬೇರೆ ಹಾಳೆಯಲ್ಲಿ ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿದರೆ ಒಳ್ಳೆಯದು. ಅರ್ಕಾವತ್ತಿಗೆ ಮೂವರು ಮಕ್ಕಳು ಬೇಕು: ಸೂ, ರ್, ಯ ಚೀಟಿ ಹಿಡಿದು ಸಾಲಾಗಿ ನಿಲ್ಲಲಿ. ‘ಬರೆ’ ಎಂದ ಕೂಡಲೇ ನಡುವಿನವನು ಓಡಿ ಯ ಹಿಂದೆ ನಿಲ್ಲಬೇಕು. ಸೂರ್ಯ ಹುಟ್ಟಿತು.

ಹುಕುಂ ಚೀಟಿ

ಕೊಡೆಯ ಕತೆ ನಡೆದದ್ದು ಈ ಆಟದಲ್ಲಿ. ಬರೆದ ಹುಕುಮನ್ನು ಓದಿದವರು ಅಕ್ಷರಶಃ ಪಾಲಿಸಬೇಕು, ಊಹಿಸಿ ಸಹಾಯ ಮಾಡುವಂತಿಲ್ಲ. ಅಮ್ಮಂದಿರಿಗೆ ಇದು ಬಹಳ ಕಷ್ಟ, ಮಗು ಏನು ಬರೆಯಹೊರಟಿತ್ತು ಎಂದು ತಕ್ಷಣ ಗೊತ್ತಾಗಿಬಿಡುತ್ತದೆ. ಗೊತ್ತಾಗದವರ ಹಾಗೆ ಇರಿ. ‘ಕತೆ ಹೇಳು’ ಬದಲು ‘ಕತ್ತೆ ಹೇಳು’ ಎಂದಿದ್ದರೆ ‘ಕತ್ತೆ’ ಎಂದಷ್ಟೇ ಹೇಳಿ ಸುಮ್ಮನಾಗಿ. ‘ಹೋಗ್ತೀನಿ’, ‘ಬರ್ತಾಳೆ’ ಎಂದು ಮಾತಿನಂತೆಯೇ ಬರೆದರೆ ತಿದ್ದಬೇಡಿ. ಧಾರವಾಡದ ಮಗು ತನ್ನ ಕನ್ನಡದಲ್ಲೇ ಹುಕುಂ ಮಾಡಲಿ. ಪುಸ್ತಕದ ಕನ್ನಡಕ್ಕೆ ಶಾಲೆಯ ನೋಟ್‌ಬುಕ್ ಇದ್ದೇ ಇದೆ.

ನಿಧಿ ಹುಡುಕಾಟ

ಮೂರು, ನಾಲ್ಕನೇ ಕ್ಲಾಸಿನವರಿಗೆ ಇದು. ಒಂದು ಕೊಬ್ಬರಿ ಮಿಠಾಯಿ ಬಚ್ಚಿಟ್ಟು, ದಾರಿಗೆ ನಾಲ್ಕು ಸುಳಿವು ಬರೆಯಲು ಹೇಳಿ. ಸಾಮಾನ್ಯವಾಗಿ ದೊಡ್ಡವರು ಬರೆದು ಮಕ್ಕಳಿಂದ ಹುಡುಕಿಸುತ್ತಾರೆ, ಅದು ತಿರುಗುಮುರುಗು. ಬರೆಯುವುದು ಮಗು, ಹುಡುಕುವುದು ನೀವು. ವಸ್ತುವಿನ ಹೆಸರು ಹೇಳುವಂತಿಲ್ಲ. ‘ಫ್ರಿಜ್ ಮೇಲೆ’ ಎಂದರೆ ಆಟ ಅಲ್ಲಿಗೇ ಮುಗಿಯಿತು. ‘ಬಾಗಿಲು ತೆಗೆದರೆ ದೀಪ ಹತ್ತುತ್ತದೆ, ಒಳಗೆ ಚಳಿ’ ಎಂದರೆ ಅದು ಬರವಣಿಗೆ. ಐದು ನಿಮಿಷದಲ್ಲಿ ಸಿಗದಿದ್ದರೆ ಬರೆದವರು ಇನ್ನೊಂದು ವಾಕ್ಯ ಸೇರಿಸಬೇಕು, ಬಾಯಲ್ಲಿ ಹೇಳುವಂತಿಲ್ಲ. ಬೆಟ್ಟದಷ್ಟು ಪ್ರಬಂಧ ಬರೆಸಿದರೂ ಬಾರದ ‘ಓದುವವರಿಗೆ ಇಷ್ಟು ಸಾಕಾ?’ ಎಂಬ ಪ್ರಶ್ನೆ ಆ ಒಂದು ವಾಕ್ಯಕ್ಕೆ ತಿಣುಕುವಾಗ ಬರುತ್ತದೆ.

ಚೀಟಿಗಳನ್ನು ಎಸೆಯಬೇಡಿ. ಹಿಂದೆ ತಾರೀಕು ಹಾಕಿ ಬಿಸ್ಕತ್ತಿನ ಡಬ್ಬಿಯಲ್ಲಿಡಿ. ಮಗು ಮಲಗಿದ ಮೇಲೆ ತೆಗೆದು ನೋಡಿ, ಪದೇ ಪದೇ ಆಗುವ ಒಂದೇ ಒಂದು ತಪ್ಪನ್ನು ಆರಿಸಿಕೊಂಡು ಮುಂದಿನ ವಾರದ ಆಟ ಅದರ ಮೇಲೆ ಕಟ್ಟಿ. ನಮ್ಮ ಡಬ್ಬಿಯಲ್ಲಿ ಸದ್ಯ ಲ, ಳ ಗೊಂದಲ ಜೋರಾಗಿದೆ. ಹಾಗಾಗಿ ಈ ಭಾನುವಾರ ಮೊದಲ ಹುಕುಂ ನನ್ನದು: ‘ದಾಸವಾಳದ ಗಿಡದಿಂದ ಒಂದು ಎಳೆ ಎಲೆ ತಾ.’