ಕೋಲಿನಿಂದ ಅಳೆದು ಆರಿಸಿದ ಮೊದಲ ಕ್ವಾಡ್: ನನ್ನ ಅನುಭವ

ಕಾಡುದಾರಿಗೆಂದು ನೀವು ಕೊಂಡ ಮೊದಲ ಕ್ವಾಡ್ (ಹ್ಯಾಂಡಲ್ ಹಿಡಿದು ಓಡಿಸುವ ನಾಲ್ಕು ಚಕ್ರದ ಗಾಡಿ) ಯಾವುದು ಎಂದು ಯಾರಾದರೂ ಕೇಳಿದರೆ ನಾನು ಹೆಸರಿಸುವುದು ವಾಸ್ತವವಾಗಿ ಮೂರನೆಯದನ್ನು. ಅದಕ್ಕೂ ಹಿಂದೆ ಕೊಂಡ ಎರಡನ್ನು ನಷ್ಟದ ಬಾಬ್ತಿಗೆ ಬರೆದಿಟ್ಟು ಬಹಳ ದಿನಗಳಾದವು. ಮೂರನೆಯದು ಹೋಂಡಾ ರೆಕಾನ್ 250. ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಎಳೆತ, ಗಾಳಿಯಿಂದಲೇ ತಣಿಯುವ ಎಂಜಿನ್, ಹೆಸರಿನಲ್ಲಿ 250 ಇದ್ದರೂ ಒಳಗಿರುವುದು 229 ಸಿಸಿ. ಇದನ್ನು ಕೊಳ್ಳುತ್ತೇನೆಂದು ಹೇಳಿದಾಗ ಜೊತೆಯಲ್ಲಿ ಓಡಿಸುವವರೆಲ್ಲ ನಕ್ಕರು. ಮೊದಲ ಕೆಸರುಗುಂಡಿಯಲ್ಲೇ ಹಗ್ಗ ಹಾಕಿ ಎಳೆಯಬೇಕಾಗುತ್ತದೆ ಎಂದು ಒಬ್ಬರು ಭವಿಷ್ಯವನ್ನೂ ನುಡಿದರು. ಈಗ ಎರಡು ಹಂಗಾಮುಗಳು ಕಳೆದಿವೆ. ಎಂಜಿನ್ ಓಡಿದ ಗಂಟೆಗಳನ್ನು ಎಣಿಸಲು ನಾನೇ ಜೋಡಿಸಿದ ಮೀಟರಿನಲ್ಲಿ 280ರ ಆಸುಪಾಸು ತೋರಿಸುತ್ತಿದೆ, ಗಾಡಿಯನ್ನು ಕಾಡಿನಲ್ಲಿ ಬಿಟ್ಟು ನಡೆದು ಬಂದ ದಿನ ಒಂದೂ ಇಲ್ಲ, ಹಗ್ಗವನ್ನು ಬಿಚ್ಚಿದ್ದು ಮೂರು ಸಲ, ಮೂರು ಸಲವೂ ಬೇರೆಯವರ ಗಾಡಿಗಾಗಿ.

ಹಣದ ಲೆಕ್ಕವನ್ನು ನೂರರ ಅಳತೆಯಲ್ಲಿ ಹೇಳುತ್ತೇನೆ. ದೊಡ್ಡ 4x4 (ನಾಲ್ಕೂ ಚಕ್ರಗಳಿಗೆ ಎಳೆತವಿರುವ ಕ್ವಾಡ್) ಒಂದರ ಹೊಸ ಬೆಲೆಯನ್ನು 100 ಎಂದಿಟ್ಟುಕೊಳ್ಳಿ. ನಾನು ಮೊದಲು ಕೊಂಡದ್ದು ಅಂಥದ್ದೇ ಗಾಡಿ, 700 ಸಿಸಿ ವರ್ಗದ್ದು, ಎರಡು ವರ್ಷ ಹಳೆಯದು. ಕೊಟ್ಟದ್ದು ಸುಮಾರು 75. ಬಯಲಿನಲ್ಲಿ ಅದು ರಾಜ, ಏರಿನಲ್ಲಿ ಆನೆ. ಆದರೆ ನಾನು ಓಡಿಸುವುದು ಮರಗಳ ನಡುವಿನ ಕಿರುದಾರಿಯಲ್ಲಿ. ಗಾಡಿಯ ಅಗಲ 120 ಸೆಂಟಿಮೀಟರು ದಾಟಿತ್ತು, ತೂಕ ಇಂಧನವೂ ಸೇರಿ 300 ಕಿಲೋಗೆ ಮೇಲೆ. ಬೇರೆಯವರು ಒಂದೇ ಸಲಕ್ಕೆ ತಿರುಗುವ ತಿರುವಿನಲ್ಲಿ ನಾನು ಹಿಂದೆ ಮುಂದೆ ಮೂರು ಬಾರಿ ಮಾಡಬೇಕಿತ್ತು. ಏಳನೆಯದೋ ಎಂಟನೆಯದೋ ಸವಾರಿಯಲ್ಲಿ, ಓರೆಯಾದ ಇಳಿಜಾರಿನಲ್ಲಿ ಮೇಲ್ಭಾಗದ ಚಕ್ರ ಒಂದು ಬುಡದ ಬೇರನ್ನು ಹತ್ತಿತು, ಗಾಡಿ ನಿಧಾನವಾಗಿ, ಯೋಚಿಸಿ ಮಾಡಿದಂತೆ, ಮಗ್ಗುಲಾಯಿತು. ನಾನು ಜಿಗಿದು ಪಾರಾದೆ. ಆಮೇಲೆ ಅದನ್ನು ಒಬ್ಬನೇ ಎತ್ತಲಾಗದೆ, ಪೆಟ್ರೋಲು ಮುಚ್ಚಳದಿಂದ ತೊಟ್ಟಿಕ್ಕುವುದನ್ನು ನೋಡುತ್ತಾ ಕುಳಿತ ಎರಡು ಗಂಟೆಯಲ್ಲಿ ನನಗೆ ಆದ ಪಾಠವನ್ನು ಯಾವ ಮಾರಾಟಗಾರನೂ ಹೇಳಿರಲಿಲ್ಲ. ಮಾರಿದಾಗ ಬಂದದ್ದು 58.

ಎರಡನೆಯ ತಪ್ಪು ಮೊದಲನೆಯದಕ್ಕೆ ಪ್ರತಿಕ್ರಿಯೆ. ಭಾರ ಬೇಡವೆಂದು 450 ಸಿಸಿಯ ರೇಸ್ ತಳಿಯ ಸ್ಪೋರ್ಟ್ ಕ್ವಾಡ್ ತಂದೆ. ತೂಕ ನೂರು ಕಿಲೋಗಿಂತ ಹೆಚ್ಚು ಇಳಿಯಿತು, ಅಗಲ ಮಾತ್ರ ಇಳಿಯಲಿಲ್ಲ, ಏಕೆಂದರೆ ಓಟದ ಅಂಕಣದಲ್ಲಿ ಉರುಳದಿರಲೆಂದು ಇವುಗಳನ್ನು ಅಗಲವಾಗಿಯೇ ಕಟ್ಟುತ್ತಾರೆ. ಮೊದಲ ಗೇರೇ ಎಷ್ಟು ವೇಗದ್ದೆಂದರೆ ನಡಿಗೆಯ ವೇಗದಲ್ಲಿ ಹೋಗಲು ಕ್ಲಚ್ಚನ್ನು ಸದಾ ಅರ್ಧ ಹಿಡಿದೇ ಇರಬೇಕು. ಅರ್ಧ ದಿನದಲ್ಲಿ ಎಡಗೈ ಮರಗಟ್ಟುತ್ತಿತ್ತು. ಗಾಳಿಯಾಡದ ಕಣಿವೆಯಲ್ಲಿ ನಿಧಾನವಾಗಿ ಏರುವಾಗ ಎಂಜಿನ್ ತಣಿಸುವ ನೀರು ಕುದಿದು ಹೊರಚೆಲ್ಲಿತು. ರಿವರ್ಸ್ ಇರಲಿಲ್ಲ. ಬಿದ್ದ ಮರದ ಮುಂದೆ ಸಿಕ್ಕಿಕೊಂಡಾಗ ಇಳಿದು, ಹಿಂಬದಿಯ ಗ್ರಾಬ್ ಬಾರ್ ಹಿಡಿದು, ಗಾಡಿಯ ಬಾಲವನ್ನು ಎಳೆದು ತಿರುಗಿಸುವುದು ನನ್ನ ನಿತ್ಯದ ವ್ಯಾಯಾಮವಾಯಿತು. ಒಂದು ಕ್ಲಚ್ ಪ್ಲೇಟ್ ಸೆಟ್ ಮತ್ತು ಬಾಗಿದ ಹಿಂದಿನ ಆಕ್ಸಲ್ ಸೇರಿ ಆ ವ್ಯವಹಾರದಲ್ಲಿ ಹೋದದ್ದು ಇನ್ನೊಂದು 14. ಎರಡೂ ತಪ್ಪುಗಳು ಸೇರಿ ನೂರರಲ್ಲಿ 31 ಮಣ್ಣುಪಾಲು. ಆದರೂ ಮೀಸೆ ಮಣ್ಣಾಗಲಿಲ್ಲ ಎಂದುಕೊಂಡು ಮತ್ತೆ ಹೊರಟೆ.

ಈ ಸಲ ಗಾಡಿಗಳನ್ನು ನೋಡುವ ಮೊದಲು ದಾರಿಯನ್ನು ನೋಡಿದೆ. ಹಗುರವಾದ ಮರದ ಕೋಲೊಂದನ್ನು 122 ಸೆಂಟಿಮೀಟರಿಗೆ ಕತ್ತರಿಸಿ, 115ರಲ್ಲೊಂದು 105ರಲ್ಲೊಂದು ಗೀರು ಹಾಕಿ, ಅದನ್ನು ಸೊಂಟದ ಎತ್ತರದಲ್ಲಿ ಅಡ್ಡ ಹಿಡಿದು ನಾನು ಹೆಚ್ಚಾಗಿ ಓಡಿಸುವ ದಾರಿಗಳನ್ನು ನಡೆದು ಮುಗಿಸಿದೆ. ಮೂರು ಭಾನುವಾರ ಹಿಡಿಯಿತು, ಒಟ್ಟು ಹದಿನೆಂಟು ಕಿಲೋಮೀಟರು ಇರಬಹುದು. ಕೋಲು ತಗಲಿದ ಕಡೆಯೆಲ್ಲ ಎಣಿಸಿದೆ. ಪೂರ್ತಿ ಕೋಲು ನಲವತ್ತಕ್ಕೂ ಹೆಚ್ಚು ಕಡೆ ತಗಲಿತು, 115ರ ಗೀರು ಹದಿನೈದೋ ಹದಿನಾರೋ ಕಡೆ, 105ರ ಗೀರು ಎರಡೇ ಕಡೆ, ಅವೆರಡರಲ್ಲೂ ಸುತ್ತಿ ಹೋಗಲು ಜಾಗವಿತ್ತು. ಕಾಡಿನಲ್ಲಿ ಅಗಲ ಎನ್ನುವುದು ಹ್ಯಾಂಡಲ್‌ಬಾರಿನದಲ್ಲ, ಟೈರಿನ ಹೊರ ಅಂಚಿನದು; ಹ್ಯಾಂಡಲ್ ತಗಲಿದರೆ ಬೆರಳಿಗೆ ಪೆಟ್ಟು, ಮುಂದಿನ ಟೈರು ಮರಕ್ಕೆ ತಗಲಿದರೆ ಗಾಡಿ ಅದನ್ನು ಹತ್ತಲು ಹೊರಡುತ್ತದೆ. ಹೀಗೆ ಕೋಲು ಹಿಡಿದು ಮರಗಳ ನಡುವೆ ನಡೆಯುವವನನ್ನು ಕಂಡು ಒಬ್ಬಿಬ್ಬರು ಏನೋ ಕಳೆದುಕೊಂಡಿದ್ದಾನೆಂದು ತಿಳಿದು ಹುಡುಕಲು ಸಹಾಯಕ್ಕೂ ಬಂದರು.

ಎರಡನೆಯ ಅಳತೆ ನನ್ನ ಮೈಯದು. ಮಾರಾಟಕ್ಕಿರುವ ಯಾವ ಗಾಡಿಯನ್ನು ನೋಡಲು ಹೋದರೂ ಸಮತಟ್ಟಾದ ನೆಲದಲ್ಲಿ ಪಕ್ಕಕ್ಕೆ ನಿಂತು, ಕಾಲಿಡುವ ಪೆಗ್‌ನ ಬಳಿಯ ಫ್ರೇಮ್ ಹಿಡಿದು, ಮಂಡಿ ಬಗ್ಗಿಸಿ, ಒಂದು ಬದಿಯ ಎರಡೂ ಚಕ್ರಗಳು ನೆಲ ಬಿಡುವಂತೆ ಒಬ್ಬನೇ ಎತ್ತಲಾಗುತ್ತದೆಯೇ ಎಂದು ನೋಡುತ್ತಿದ್ದೆ. ಎತ್ತಲಾಗದಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಮಗ್ಗುಲಾದ ಗಾಡಿಯನ್ನು ನೆಟ್ಟಗೆ ನಿಲ್ಲಿಸಲು ಬೇಕಾಗುವ ಶಕ್ತಿ ಸರಿಸುಮಾರು ಇಷ್ಟೇ. 200 ಕಿಲೋ ಆಸುಪಾಸಿನ ಗಾಡಿ ನನಗೆ ಏಳುತ್ತದೆ, 240 ದಾಟಿದರೆ ಬೆನ್ನು ಹೇಳಿಬಿಡುತ್ತದೆ. ಈ ಪರೀಕ್ಷೆಯನ್ನು ಕಂಡು ಹುಬ್ಬೇರಿಸಿದ ಮಾಲೀಕರು ಅನೇಕರಿದ್ದಾರೆ.

ಎರಡೂ ಜರಡಿ ದಾಟಿ ಉಳಿದವು ಎರಡೇ ಮಾದರಿ. ಒಂದು ಹೋಂಡಾದ 400ಇಎಕ್ಸ್, 1999ರಲ್ಲಿ ಬಂದದ್ದು, 397 ಸಿಸಿ, ಗಾಳಿಯಿಂದ ತಣಿಯುವ ಎಂಜಿನ್, ಅಗಲ 115ರ ಗೀರಿಗೆ ಸರಿಯಾಗಿ ಕೂರುತ್ತದೆ. ಅದನ್ನು ಇಂದಿಗೂ ಮೆಚ್ಚುತ್ತೇನೆ. ಆದರೆ ರಿವರ್ಸ್ ಸೇರಿದ್ದು 2005ರ ಮಾದರಿಯಿಂದ, ಅದರ ಹಿಂದಿನವು ನನಗೆ ಬೇಡವಾಗಿದ್ದವು. ರಿವರ್ಸ್ ಇದ್ದವುಗಳ ಮಾಲೀಕರು ಆ ಒಂದು ಗೇರಿಗೇ ಬೇರೆ ಬೆಲೆ ಕೇಳುತ್ತಿದ್ದರು. ಇನ್ನೊಂದು 1997ರಿಂದ ಬರುತ್ತಿರುವ ರೆಕಾನ್. ಅಗಲ 104 ಸೆಂಟಿಮೀಟರಿನೊಳಗೆ, ತೂಕ 200 ಕಿಲೋ ಹತ್ತಿರ, ಐದು ಗೇರು ಮತ್ತು ರಿವರ್ಸ್, ಕ್ಲಚ್ ಲಿವರ್ ಇಲ್ಲ, ಹಿಂದಿನ ಚಕ್ರಗಳನ್ನು ತಿರುಗಿಸಲು ಚೈನ್ ಬದಲು ಶಾಫ್ಟ್ (ತಿರುಗುವ ದಂಡ). ಗೇರುಗಳ ಬದಲು ಬೆಲ್ಟಿರುವ ಗಾಡಿಯಲ್ಲಿ ಹಳ್ಳ ದಾಟಿ ಬೆಲ್ಟು ನೆನೆದು ಜಾರಿದ ಅನುಭವ ಇದ್ದವರಿಗೆ ಗೇರುಪೆಟ್ಟಿಗೆಯ ಬೆಲೆ ಗೊತ್ತಿರುತ್ತದೆ. ಕಡಿದಾದ ಇಳಿಜಾರಿನಲ್ಲಿ ಮೊದಲ ಗೇರಿಗೆ ಹಾಕಿ ಥ್ರಾಟಲ್ (ಆಕ್ಸಿಲರೇಟರ್) ಬಿಟ್ಟರೆ ಎಂಜಿನ್ನೇ ಹಿಡಿದುಕೊಳ್ಳುತ್ತದೆ, ಬ್ರೇಕಿಗೆ ಕೆಲಸ ಕಡಿಮೆ. ನೆಲದಿಂದ ಎತ್ತರ ಮಾತ್ರ ಕಡಿಮೆ, 15 ಸೆಂಟಿಮೀಟರಿಗಿಂತ ಚೂರು ಹೆಚ್ಚು; ಈ ಕೊರತೆಯ ಮಾತು ಮುಂದೆ ಬರುತ್ತದೆ.

ಹಳೆಯ ಗಾಡಿಗಳನ್ನು ನೋಡಿದ್ದು ಒಂಬತ್ತು. ಎಂಜಿನ್ ತಣ್ಣಗಿರಬೇಕೆಂದು ಮೊದಲೇ ತಿಳಿಸಿ, ಹೋದೊಡನೆ ಕೈಯಿಂದ ಮುಟ್ಟಿ ನೋಡುತ್ತಿದ್ದೆ. ಇಬ್ಬರ ಎಂಜಿನ್ ಬಿಸಿಯಾಗಿತ್ತು, ಮಾತಾಡದೆ ತಿರುಗಿ ಬಂದೆ. ಮುಂದಿನ ಚಕ್ರವನ್ನು ಜಾಕಿನ ಮೇಲೆತ್ತಿ ಮೇಲೆ ಕೆಳಗೆ ಹಿಡಿದು ಅಲುಗಿಸುವುದು, ಅಡ್ಡ ಹಿಡಿದು ಅಲುಗಿಸುವುದು, ಹಿಂದಿನ ಆಕ್ಸಲನ್ನು ಹಿಡಿದಿರುವ ಸ್ವಿಂಗ್ ಆರ್ಮ್ ಅಲುಗಿಸುವುದು, ಮುಂದಿನ ಚಕ್ರಗಳನ್ನು ಫ್ರೇಮಿಗೆ ಸೇರಿಸುವ ಎ-ಆರ್ಮ್ ಜೋಡಣೆಯ ಬಳಿ ಬೆಸುಗೆ ಬಿರುಕು ನೋಡುವುದು, ಇವೆಲ್ಲ ಎಲ್ಲರಿಗೂ ಗೊತ್ತಿರುವಂಥವು. ನಾನು ಹೆಚ್ಚು ಹೊತ್ತು ಕಳೆಯುತ್ತಿದ್ದುದು ಏರ್‌ಬಾಕ್ಸಿನ (ಗಾಳಿ ಫಿಲ್ಟರ್ ಇರುವ ಪೆಟ್ಟಿಗೆಯ) ಮುಂದೆ. ಫಿಲ್ಟರ್ ಹೊಸದೋ ಹಳೆಯದೋ ಎಂಬುದು ನನಗೆ ಮುಖ್ಯವಲ್ಲ, ಅದನ್ನು ಹಿಂದಿನ ದಿನವೇ ಬದಲಿಸಿರಬಹುದು. ಫಿಲ್ಟರ್ ತೆಗೆದು, ಅದರಾಚೆ ಕಾರ್ಬ್ಯುರೇಟರಿಗೆ ಹೋಗುವ ರಬ್ಬರ್ ಕೊಳವೆಯೊಳಗೆ ಬಿಳಿ ಬಟ್ಟೆ ಸುತ್ತಿದ ಬೆರಳನ್ನು ಗಿಣ್ಣಿನವರೆಗೆ ತೂರಿಸಿ ಒಂದು ಸುತ್ತು ತಿರುಗಿಸಬೇಕು. ಬಟ್ಟೆ ಎಣ್ಣೆಯ ಕಂದು ಬಣ್ಣಕ್ಕೆ ತಿರುಗಿದರೆ ಚಿಂತೆಯಿಲ್ಲ. ಹಿಟ್ಟಿನಂಥ ಬೂದು ಧೂಳು ಅಂಟಿ, ಬೆರಳುಗಳ ನಡುವೆ ಉಜ್ಜಿದಾಗ ಸಣ್ಣಗೆ ಕರಕರ ಎಂದರೆ ಆ ಧೂಳು ಪಿಸ್ಟನ್ನಿನವರೆಗೂ ಹೋಗಿದೆ ಎಂದೇ ಅರ್ಥ. ಒಂಬತ್ತರಲ್ಲಿ ನಾಲ್ಕು ಗಾಡಿ ಈ ಬಟ್ಟೆಯ ಮುಂದೆ ಸೋತವು, ಅವುಗಳಲ್ಲೊಂದಕ್ಕೆ ಹೊಸ ಪ್ಲಾಸ್ಟಿಕ್, ಹೊಸ ಸೀಟು, ಕನ್ನಡಿಯಂಥ ಹೊಳಪು ಇತ್ತು.

ಮಾಲೀಕರಿಗೆ ನಾನು ಮೂರು ಪ್ರಶ್ನೆ ಕೇಳುತ್ತಿದ್ದೆ. ಕೊನೆಯ ಬಾರಿ ವಾಲ್ವ್ ಕ್ಲಿಯರೆನ್ಸ್ (ಎಂಜಿನ್ ವಾಲ್ವ್‌ಗಳ ಬಳಿ ಇರಬೇಕಾದ ಸಣ್ಣ ಸಂದು) ನೋಡಿದ್ದು ಯಾವಾಗ ಎಂಬುದು ಮೊದಲನೆಯದು, ಎಷ್ಟು ಆಳದ ನೀರಿನಲ್ಲಿ ಇಳಿಸಿದ್ದೀರಿ ಎಂಬುದು ಎರಡನೆಯದು. ಮೂರನೆಯದು ಚೌಕಾಸಿಗೆ ಬಹಳ ಉಪಯೋಗಕ್ಕೆ ಬಂದ ಪ್ರಶ್ನೆಯಾದ್ದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ. ಮುಂದೆಯೂ ನಾನು ಗಾಡಿ ಕೊಳ್ಳಬೇಕಲ್ಲ. ಕೊನೆಗೆ ಸಿಕ್ಕಿದ ರೆಕಾನ್‌ಗೆ ಕೊಟ್ಟದ್ದು 19. ಬಣ್ಣ ಮಾಸಿತ್ತು, ಸೀಟು ಹರಿದಿತ್ತು, ಬಟ್ಟೆಗೆ ಹತ್ತಿದ್ದು ಎಣ್ಣೆ ಮಾತ್ರ. ಮುಂದಿನ ಚಕ್ರದ ಬೇರಿಂಗ್, ಸ್ಟಿಯರಿಂಗನ್ನು ಚಕ್ರಕ್ಕೆ ಸೇರಿಸುವ ಟೈ ರಾಡ್ ತುದಿಗಳು, ಬ್ರೇಕ್ ಶೂ, ಎಲ್ಲ ಎಣ್ಣೆಗಳು ಸೇರಿ 3, ನಾಲ್ಕು ಟೈರುಗಳಿಗೆ 4. ಸೀಟಿಗೆ ಇನ್ನೂ ಟೇಪು ಸುತ್ತಿಯೇ ಇದೆ.

ಆಮೇಲೆ ಸುಮ್ಮನಿರಲಾರದೆ ಕೆಲವು ಪ್ರಯೋಗ ಮಾಡಿದೆ. ಓರೆ ಇಳಿಜಾರಿನ ಭಯ ಉಳಿದಿದ್ದರಿಂದ ಹಿಂದಿನ ಚಕ್ರಗಳಿಗೆ ಅವನ್ನು ಹೊರಕ್ಕೆ ಸರಿಸುವ ತಲಾ ನಾಲ್ಕು ಸೆಂಟಿಮೀಟರಿನ ಸ್ಪೇಸರ್ ಹಾಕಿಸಿದೆ. ಗಾಡಿ ನಿಜಕ್ಕೂ ಸ್ಥಿರವಾಯಿತು, ಅಗಲ 112 ಆಯಿತು, ಮೊದಲ ದಿನವೇ ಮುಂದಿನ ಚಕ್ರ ನುಸುಳಿದ ಜಾಗದಲ್ಲಿ ಹಿಂದಿನದು ಸಿಕ್ಕಿಕೊಂಡಿತು. ಕೋಲಿನಿಂದ ಅಳೆದು ಕೊಂಡ ಗಾಡಿಯನ್ನು ನಾನೇ 105ರ ಗೀರಿನಾಚೆ ತಳ್ಳಿದ್ದೆ. ತೆಗೆದುಹಾಕಿದೆ, ಇಳಿಜಾರಿನಲ್ಲಿ ಮೈಯನ್ನು ಏರಿನ ಕಡೆಗೆ ವಾಲಿಸುವುದನ್ನು ಕಲಿತೆ. ಹೆಬ್ಬೆರಳಿನ ಥ್ರಾಟಲ್ ನೋವು ತರುತ್ತದೆಂದು ಮೋಟಾರ್‌ಸೈಕಲ್ಲಿನಂಥ ತಿರುಚುವ ಥ್ರಾಟಲ್ ಹಾಕಿ ನೋಡಿದ್ದು ಇನ್ನೊಂದು ದಡ್ಡತನ. ಕಲ್ಲಿನ ಮೇಲೆ ಹಾರಿಬಿದ್ದಾಗ ಆಧಾರಕ್ಕೆಂದು ಹ್ಯಾಂಡಲ್ ಬಿಗಿಹಿಡಿದರೆ ಅದೇ ಹಿಡಿತ ಗಾಡಿಯನ್ನು ಮುಂದಕ್ಕೆ ನುಗ್ಗಿಸುತ್ತದೆ. ಒಂದು ಪೊದೆಯೊಳಗೆ ಹೋಗಿ ನಿಂತ ಮೇಲೆ ಮತ್ತೆ ಹೆಬ್ಬೆರಳಿಗೇ ಮರಳಿದೆ.

ಫಲ ಕೊಟ್ಟದ್ದು ಟೈರಿನ ಗಾಳಿ. ಕಾರಿನ ಗೇಜು ಇದಕ್ಕೆ ಬಾರದು, ಕಡಿಮೆ ಒತ್ತಡದ ಗೇಜೇ ಬೇಕು. 5 ಪಿಎಸ್‌ಐ (ಟೈರಿನ ಗಾಳಿಯೊತ್ತಡದ ಅಳತೆ) ಇದ್ದಾಗ ಒದ್ದೆ ಬೇರುಗಳ ಮೇಲೆ ಹಿಂಬದಿ ಪಕ್ಕಕ್ಕೆ ಸರಿಯುತ್ತಿತ್ತು, 2ಕ್ಕೆ ಇಳಿಸಿದಾಗ ಟೈರಿನ ಅಂಚು ರಿಮ್ ಬಿಟ್ಟು ಕಳಚಿತು, ಸುಮಾರು 3ರಲ್ಲಿ ಟೈರು ಬೇರನ್ನು ಅಪ್ಪಿಕೊಂಡು ದಾಟುತ್ತದೆ. ನಾಲ್ಕು ಚಕ್ರದ ಎಳೆತ ಇಲ್ಲದ ಕೊರತೆಯ ಅರ್ಧ ಇಲ್ಲೇ ತುಂಬಿತು ಎನ್ನಬಹುದು. ಎತ್ತರದ ಕೊರತೆಗೆ ಹೊಟ್ಟೆಯಡಿ ಅಲ್ಯೂಮಿನಿಯಂ ಹಾಳೆ ಹಾಕಿದ್ದು ಕಲ್ಲಿಗೆ ಕಚ್ಚಿಕೊಂಡು ನಿಲ್ಲುತ್ತಿತ್ತು. ಒಂದು ಸೆಂಟಿಮೀಟರ್ ದಪ್ಪದ ಗಟ್ಟಿ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಹಾಕಿದ ಮೇಲೆ ಗಾಡಿ ಕಲ್ಲಿನ ಮೇಲಿಂದ ಜಾರಿಕೊಂಡು ಹೋಗುತ್ತದೆ. ಅದರ ತಿರುಪುಗಳ ತಲೆ ಕಲ್ಲಿಗೆ ಸವೆಯದಂತೆ ಕೂರಿಸುವ ಒಂದು ಉಪಾಯವಿದೆ, ಅದೂ ನನ್ನಲ್ಲೇ ಇರಲಿ.

ಈ ಗಾಡಿ ಎಲ್ಲಕ್ಕೂ ಆಗುತ್ತದೆಂದು ನಾನು ಹೇಳುವುದಿಲ್ಲ. ಮೊಣಕಾಲಿನಷ್ಟು ಆಳದ ಕೆಸರಿನಲ್ಲಿ ಇದು ಸೋಲುತ್ತದೆ, ಉದ್ದನೆಯ ನೇರದಾರಿಯಲ್ಲಿ ಎಲ್ಲರಿಗಿಂತ ಹಿಂದೆ ಉಳಿಯುತ್ತೇನೆ, ಡ್ರಮ್ ಬ್ರೇಕಿನೊಳಗೆ ನೀರು ಹೋದರೆ ಮುಂದಿನ ಕೆಲವು ನಿಮಿಷ ಎಚ್ಚರ ಬೇಕು. ಆದರೆ ಮರಗಳು ಒತ್ತೊತ್ತಾಗಿರುವ ಕಡೆ, ಅಂದು ಭವಿಷ್ಯ ನುಡಿದ ಸ್ನೇಹಿತರು ತಮ್ಮ 4x4 ಹಿಂದೆ ಮುಂದೆ ಮಾಡುತ್ತಿರುವಾಗ ನಾನು ಆಚೆ ಬದಿಯಲ್ಲಿ ಹೆಲ್ಮೆಟ್ ತೆಗೆದು ಕುಳಿತಿರುತ್ತೇನೆ. ಕಳೆದ ತಿಂಗಳು ಅವರು ತಾವಾಗಿಯೇ ಬಂದು ಕೋಲನ್ನು ಎರವಲು ಒಯ್ದರು. ತಮ್ಮ ಗಾಡಿ ಮಾರಾಟಕ್ಕಿದೆ ಎಂದೂ ತಿಳಿಸಿದರು. ಹೋಗುವಾಗ ಬಾಗಿಲಲ್ಲಿ ನಿಂತು, ಆ ಮೂರನೆಯ ಪ್ರಶ್ನೆ ಯಾವುದು ಎಂದು ಕೇಳಿದರು. ಗಾಡಿ ನೋಡಲು ಹೋಗುವ ದಿನ ನಾನೇ ಜೊತೆಗೆ ಬರುತ್ತೇನೆ ಎಂದೆ.