ಹಳೇ ಬಾಟಲಿ ಅಗೆಯುವುದು, ವಯಸ್ಸು ಹೇಳುವುದು

ಕಲಬುರಗಿಯಲ್ಲಿ ಹಳೆ ಸಾಮಾನು ಮಾರುವವರನ್ನು ಕೇಳಿದರೆ ಎಲ್ಲ ಬಾಟಲಿಯೂ 'ನಿಜಾಮರ ಕಾಲದ್ದು'. ಇರಬಹುದು. ಆದರೆ ಇಲ್ಲಿ ಅವರ ಆಳ್ವಿಕೆ ಮುಗಿದದ್ದೇ 1948ರಲ್ಲಿ. ಅಷ್ಟೊತ್ತಿಗೆ ಬಾಟಲಿ ಮಾಡುವ ಯಂತ್ರ ಬಂದು ನಲವತ್ತು ವರ್ಷ ದಾಟಿತ್ತು. ಬಾಟಲಿಯನ್ನೇ ಕೇಳುವುದು ವಾಸಿ.

ಮೊದಲು ಜಾಗ. ಹಳೆ ಮನೆಯ ಹಿತ್ತಲು, ಊರ ಹೊರಗಿನ ಹಳೆ ತಿಪ್ಪೆ ನೋಡಿ. ಜಾಗದವರನ್ನು ಕೇಳಿಯೇ ಅಗೆಯಿರಿ. ಬೀದರ್, ಕಲಬುರಗಿ ಕೋಟೆಗಳಂಥ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ. ಆ ಕಡೆ ಸಲಿಕೆ ಒಯ್ಯಲೇಬೇಡಿ. ಕಾಳು ತುಂಬಿಡಲು ನೆಲದಡಿ ತೋಡಿದ ಹಾಳು ಹಗೇವಿಗೂ ಇಳಿಯಬೇಡಿ, ಒಳಗೆ ಕೆಟ್ಟ ಗಾಳಿ ತುಂಬಿ ಉಸಿರು ಕಟ್ಟುತ್ತದೆ.

ಎರೆಮಣ್ಣು ಮಳೆಗಾಲದಲ್ಲಿ ಕಾಲಿಗೆ ಮೆತ್ತುತ್ತದೆ, ಬೇಸಿಗೆಯಲ್ಲಿ ಕಲ್ಲಾಗುತ್ತದೆ. ದೀಪಾವಳಿ ಆದಮೇಲೆ, ಹಸಿ ಇರುವಾಗಲೇ ಅಗೆಯಿರಿ. ಬೂದಿ, ಪಿಂಗಾಣಿ ಚೂರು ಕಂಡರೆ ಗುದ್ದಲಿ ಬದಿಗಿಟ್ಟು ಕುರ್ಪಿ ಹಿಡಿಯಿರಿ. ಬಾಟಲಿಯ ಕತ್ತು ಹಿಡಿದು ಎಳೆಯಬೇಡಿ, ಸುತ್ತಲಿನ ಮಣ್ಣು ಬಿಡಿಸಿ. ದಪ್ಪ ಕೈಗವಸು ಬೇಕೇಬೇಕು. ತಣ್ಣಗಿನ ಮಣ್ಣಿಂದ ತೆಗೆದದ್ದನ್ನು ಬಿಸಿಲಿಗಿಟ್ಟರೆ ಸೀಳಬಹುದು.

ಈಗ ಅಸಲಿ ಕೆಲಸ. ಬಾಟಲಿಯ ಮಗ್ಗುಲಿಗೆ ಉಗುರು ಆಡಿಸಿ. ಅಚ್ಚಿನ ಎರಡು ಭಾಗ ಕೂಡಿದಲ್ಲಿ ಸಣ್ಣ ಗೆರೆ ಎದ್ದಿರುತ್ತದೆ. ಅದು ಬಾಯಿಯ ಅಂಚು ದಾಟಿದ್ದರೆ ಯಂತ್ರದ್ದು. ಮೈಕಲ್ ಓವೆನ್ಸ್ ಅವರ ಸ್ವಯಂಚಾಲಿತ ಯಂತ್ರ ಬಂದದ್ದು 1903ರ ಸುಮಾರಿಗೆ. ಗೆರೆ ಕತ್ತಿನಲ್ಲೇ ನಿಂತು ಬಾಯಿ ನುಣುಪಾಗಿದ್ದರೆ, ಬಾಯಿಯನ್ನು ಕೈಯಲ್ಲಿ ತಿದ್ದಿದ್ದಾರೆ. ವಿಲಾಯಿತಿ ಬಾಟಲಿಯಾದರೆ ನೂರು ವರ್ಷ ದಾಟಿರುವ ಸಂಭವ ಜಾಸ್ತಿ. ತಳದ ನಡುವೆ ಒರಟು ಕಲೆ ಇದ್ದರೆ ಇನ್ನೂ ಹಳೆಯದು: ಬಾಯಿ ತಿದ್ದುವಾಗ ತಳಕ್ಕೆ ಅಂಟಿಸಿ ಹಿಡಿದಿದ್ದ ಸಲಾಕೆಯಿಂದ ಮುರಿದು ಬಿಡಿಸಿದ ಗುರುತದು. ಗುಳ್ಳೆಗಳನ್ನು ಮಾತ್ರ ನಂಬಬೇಡಿ, ನಿನ್ನೆ ಊದಿದ ಗಾಜಿನಲ್ಲೂ ಇರುತ್ತವೆ.

ಗೋಲಿ ಸೋಡಾ ಬಾಟಲಿ ಕಂಡರೆ ಜನ ಮರುಳಾಗುತ್ತಾರೆ. ಇಂಗ್ಲೆಂಡಿನ ಹೈರಮ್ ಕಾಡ್ ಅದಕ್ಕೆ 1870ರ ದಶಕದಲ್ಲೇ ಪೇಟೆಂಟ್ ಪಡೆದರು, ನಿಜ. ಆದರೆ ನಮ್ಮಲ್ಲಿ ಈಗಲೂ ತಯಾರಾಗುತ್ತದೆ. ಸುಮ್ನೆ ಗೋಲಿ ನೋಡಿ ದುಡ್ಡು ಕೊಡಬೇಡಿ. ಮೈಮೇಲಿನ ಉಬ್ಬಕ್ಷರಕ್ಕೆ ಸೀಮೆಸುಣ್ಣ ಉಜ್ಜಿ, ಕಾರ್ಖಾನೆ ಮತ್ತು ಊರಿನ ಹೆಸರು ಓದಿ.

ತೊಳೆಯಲು ಉಗುರುಬೆಚ್ಚಗಿನ ನೀರು, ಸೋಪು ಸಾಕು. ಒಳಗೆ ಒಂದು ಹಿಡಿ ಅಕ್ಕಿ ಹಾಕಿ ಕುಲುಕಿ. ಮಂಜು ಕವಿದಂಥ ಬಿಳುಪು ಹೋಗದಿದ್ದರೆ ಆಸಿಡ್‌ಗೆ ಕೈಹಾಕಬೇಡಿ. ಅದು ಕೊಳೆಯಲ್ಲ, ಮಣ್ಣಿನ ತೇವ ತಿಂದ ಗಾಜು. ಬಿರಡೆ ಗಟ್ಟಿಯಿದ್ದು ಒಳಗೇನಾದರೂ ದ್ರವ ಉಳಿದಿದ್ದರೆ ಮೂಸುವುದೂ ಬೇಡ. ಕಡುನೀಲಿ, ಕಡುಹಸಿರು ಬಣ್ಣದ, ಮೈತುಂಬ ಏಣಿನ ಬಾಟಲಿಗಳು ಆ ಕಾಲದಲ್ಲಿ ವಿಷಕ್ಕೆಂದೇ ಇದ್ದವು. ಕತ್ತಲಲ್ಲಿ ಕೈಗೆ ತಗುಲಿದರೂ ಗೊತ್ತಾಗಲಿ ಅಂತ.