ಹೊಸ ಹಾಯಿ ಬೇಡ ಅಂದೆ, ಹಗ್ಗ ಬದಲಿಸಿದೆ

"ಹೊಸ ಹಾಯಿ ಹಾಕಿಸದೆ ಈ ದೋಣಿ ಓಡಲ್ಲ ಕಣಯ್ಯ." ಕೆಆರ್‌ಎಸ್ ಹಿನ್ನೀರಿನಲ್ಲಿ ನನಗೆ ಇದನ್ನು ಹೇಳದವರೇ ಇಲ್ಲ. ಮೇನ್ (ದೊಡ್ಡ ಹಾಯಿ), ಜಿಬ್ (ಮುಂದಿನ ಚಿಕ್ಕ ಹಾಯಿ) ಎರಡೂ ತರಿಸಿದರೆ 80 ಸಾವಿರದ ಹತ್ತಿರ. ನನ್ನ ಹಳೇ ಎಂಟರ್‌ಪ್ರೈಸ್ (ಇಬ್ಬರು ನಡೆಸುವ ಚಿಕ್ಕ ಹಾಯಿದೋಣಿ) ಕೊಂಡಿದ್ದೇ 45 ಸಾವಿರಕ್ಕೆ. ಮೂಗಿಗಿಂತ ಮೂಗುತಿ ಭಾರ, ಅಲ್ವಾ?

ನನಗೆ ಅನುಮಾನ ಇದ್ದದ್ದು ರಿಗ್ ಮೇಲೆ, ಅಂದರೆ ಹಾಯಿ ಹಿಡಿಯುವ ಕಂಬ (ಮಾಸ್ಟ್), ಅದರ ಹಗ್ಗ-ತಂತಿಗಳ ಮೇಲೆ. ಗಾಳಿಗೆ ಎದುರಾಗಿ ಹೋಗುವಾಗ ಜಿಬ್‌ನ ಮುಂದಿನ ಅಂಚು ಬಟ್ಟೆ ಒಣಗಿಸುವ ಹಗ್ಗದ ಹಾಗೆ ಜೋತುಬೀಳುತ್ತಿತ್ತು. ಪಕ್ಕದ ದೋಣಿಯವರು ನಮಗಿಂತ ಗಾಳಿ ಬರುವ ಕಡೆಗೆ ಹತ್ತುತ್ತಾ ಹೋಗುತ್ತಿದ್ದರು, ನಾವು ಸುಮ್ನೆ ನೋಡುತ್ತಾ ಕೂರಬೇಕು.

ಜಿಬ್ ಬಿಗಿಯಾಗಿ ನಿಲ್ಲಲಿ ಅಂತ, ಅದನ್ನು ಮೇಲೇರಿಸುವ ಹಗ್ಗದ ಹ್ಯಾಲ್ಯಾರ್ಡ್ ಕಿತ್ತು 3 ಎಂಎಂ ವೈರ್ ಹಾಕಿದೆ. ಅದರ ಕುಣಿಕೆಗೆ ಡೈನೀಮಾ (ಹೆಚ್ಚು ಹಿಗ್ಗದ ಗಟ್ಟಿ) ದಾರದಲ್ಲಿ, ಎಳೆತ ಪ್ರತಿ ಸಲ ಎರಡರಷ್ಟಾಗುವ ಮೂರು ಹಂತದ ರಾಟೆ ಸರಣಿ (ಕ್ಯಾಸ್ಕೇಡ್) ಕಟ್ಟಿದೆ. ಒಟ್ಟು 8:1, ಅಂದರೆ ಎಳೆದದ್ದರ ಎಂಟರಷ್ಟು ಬಲ. ಮೊದಲ ಭಾನುವಾರವೇ ಜೋಶ್‌ನಲ್ಲಿ ಜಾಸ್ತಿ ಎಳೆದೆ. ಎರಡನೇ ಲ್ಯಾಪ್‌ನಲ್ಲಿ 'ಟಪ್' ಅಂತು. ದೋಣಿ ಮೂತಿಯ ಹತ್ತಿರ ಜಿಬ್ ಕಟ್ಟಿದ್ದ ಪ್ಲೇಟ್ ಸ್ಕ್ರೂ ಸಮೇತ ಎದ್ದು ಬಂದು, ಮಾಸ್ಟ್ ನಮ್ಮ ತಲೆ ಮೇಲೆಯೇ ವಾಲಿತು. ಕ್ರೂ ಆಗಿ ಬಂದಿದ್ದ ಅಕ್ಕನ ಮಗ "ಮಾವ, ಇನ್ಮೇಲೆ ಈಜೋದೇ ವಾಸಿ" ಅಂದ. ಡೆಕ್ ಬಿಚ್ಚಿ ನೋಡಿದರೆ ಒಳಗಿನ ಮರ ನೆನೆದ ರಸ್ಕ್ ಥರ ಪುಡಿಯಾಗುತ್ತಿತ್ತು. ಕೆರೆದು ತೆಗೆದು, ಎಪಾಕ್ಸಿಗೆ ಮರದ ಪುಡಿ ಕಲಸಿ ತುಂಬಿ, ಹಿಂದೆ ಮೆರೈನ್ ಪ್ಲೈ ಕೊಟ್ಟೆ. ಈ ಸಲ ಸ್ಕ್ರೂ ಬೇಡ ಅಂತ ಬೋಲ್ಟನ್ನೇ ಹಾಕಿದೆ. ಮೂರು ವಾರ ದೋಣಿ ಶೆಡ್‌ನಲ್ಲೇ.

ಆ ಮೂರು ವಾರ ಕೈ ಸುಮ್ಮನಿರಬೇಕಲ್ಲ! ಚುನಾವಣೆ ಮುಗಿದು ಬಿದ್ದಿದ್ದ ಫ್ಲೆಕ್ಸ್ ಕತ್ತರಿಸಿ ಸೆಂಟರ್‌ಬೋರ್ಡ್ (ತಳದಿಂದ ನೀರಿಗಿಳಿಯುವ ಹಲಗೆ) ಸಂದಿಗೆ ಗ್ಯಾಸ್ಕೆಟ್ ಮಾಡಿದೆ. ಎರಡೇ ಬಿಸಿಲಿಗೆ ಅದು ಹಪ್ಪಳದ ಹಾಗೆ ಸುರುಟಿತು. ದೋಣಿ ಮಗುಚಿದಾಗಲೆಲ್ಲ ಯಾರೋ ನಾಯಕರ ಅರ್ಧ ಮೀಸೆ ಕಾಣುತ್ತಿತ್ತು. ಕೊನೆಗೆ ಹಳೇ ಹಾಯಿಯ ಬಟ್ಟೆಯೇ ಗತಿಯಾಯಿತು. ಅದರ ಮೇಲೆ ಅಲ್ಯುಮಿನಿಯಂ ಪಟ್ಟಿ ಕೂರಿಸಿದೆ.

ಖರ್ಚು? ಬ್ಲಾಕ್‌ಗಳು (ರಾಟೆಗಳು) ಹೊರದೇಶದಿಂದ ಬಂದದ್ದು, ಸುಂಕವೂ ಸೇರಿ 9 ಸಾವಿರ ಚಿಲ್ಲರೆ. ವೈರ್, ಬೋಲ್ಟ್, ಎಪಾಕ್ಸಿ ಎಲ್ಲ ಬೆಂಗಳೂರಿನ ಎಸ್‌ಪಿ ರೋಡ್ ಕಡೆ ಹುಡುಕಿದ್ದು, ಒಂದು 4 ಸಾವಿರ. ಡೈನೀಮಾ ಎಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಕೇಳಬೇಡಿ.

ಎಷ್ಟು ಎಳೆಯಬೇಕು ಅಂತ ಗೊತ್ತಾಗಲು ದಾರದ ಮೇಲೆ ಮಾರ್ಕರ್‌ನಲ್ಲಿ ಮೂರು ಗೆರೆ ಹಾಕಿದ್ದೇನೆ. ತೆಳು ಗಾಳಿಗೆ ಮೊದಲನೆಯದು. 10 ನಾಟ್ (ಗಂಟೆಗೆ ಸುಮಾರು 18.5 ಕಿ.ಮೀ.) ದಾಟಿದರೆ ಮೂರನೆಯದು, ಆಗ ಗಾಳಿ ಬೀಸದ ಬದಿಯ ಶ್ರೌಡ್ (ಮಾಸ್ಟ್ ಹಿಡಿಯುವ ಪಕ್ಕದ ತಂತಿ) ಕೂಡ ಜೋಲು ಬೀಳುವುದಿಲ್ಲ. ಜುಲೈನ ಪಡುವಣ ಗಾಳಿಯಲ್ಲಿ ಒಂಬತ್ತು ದೋಣಿಗಳ ಪೈಕಿ ಎರಡನೆಯವರಾಗಿ ಬಂದೆವು, ಅದೇ ಹಳೇ ಮಾಸಲು ನೀಲಿ ಹಾಯಿಯಲ್ಲಿ. ಹಿಂದಿನ ವರ್ಷ ಎಂಟನೇ ಜಾಗ.

ಮಾಸ್ಟ್ ಡೆಕ್ ದಾಟುವ ಕಡೆ ಮಾಸ್ಟ್ ಬಾಗುವುದನ್ನು ಹಿಡಿತದಲ್ಲಿಡುವ ಒಂದು ಮರದ ಬೆಣೆಯೂ ಇದೆ. ಅರ್ಧ ವೇಗ ಅದರದ್ದೇ. ಹೊಸ ಹಾಯಿ ಹಾಕಿಸು ಅಂದಿದ್ದವರೇ ಮೊನ್ನೆ ಟೇಪ್ ಹಿಡಿದು ನನ್ನ ಮಾಸ್ಟ್ ಸುತ್ತ ಅಳೆಯುತ್ತಿದ್ದರು. ಅಷ್ಟರಲ್ಲಿ ಬೆಣೆ ನನ್ನ ಜೇಬಿನಲ್ಲಿತ್ತು.